ನಲವತ್ತಮೂರು ನಂಬರಿನ ತಮ್ಮ

ಮನುಷ್ಯರು ಹೇಳುವ ಸುಳ್ಳುಗಳಲ್ಲೆಲ್ಲ ಅತಿ ಮರ್ಯಾದೆಯ ಸುಳ್ಳು ಎಂದರೆ "ಸರಿ ಆಗ್ತದೆ" ಎಂಬುದು. ಮಸ್ಕತ್ತಿನ ಅಲ್ ಖೌದ್‌ನ ಒಂದು ಹೆಂಗಸರ ಹೊಲಿಗೆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೂತಿರುವ ನನಗೆ ಈ ಸುಳ್ಳಿನ ಎಲ್ಲ ಬಣ್ಣಗಳೂ ಗೊತ್ತು. ಹೊಸ ರವಿಕೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ ಹೆಂಗಸು "ಸರಿ ಉಂಟು" ಎನ್ನುತ್ತಾ ಒಂದು ಕೈಯನ್ನು ಮಾತ್ರ ಸ್ವಲ್ಪ ಎತ್ತಿ ಇಳಿಸಿದರೆ ಆ ಕಡೆಯ ಕಂಕುಳು ಬಿಗಿಯಾಗಿದೆ ಎಂದು ಅರ್ಥ. ಉಸಿರು ಹಿಡಿದುಕೊಂಡು "ಸರಿ" ಎಂದರೆ ಸೊಂಟದ್ದು ತಕರಾರು. ಏನೂ ಹೇಳದೆ ನಕ್ಕು ಹೋದರೆ ಮಾರನೆಯ ದಿನ ಗಂಡನನ್ನು ಕರೆದುಕೊಂಡು ವಾಪಸ್ಸು ಬರುತ್ತಾಳೆ. ಶಾಲೆಯಲ್ಲಿ ನಾನು ಏಳನೆಯ ಕ್ಲಾಸಿನ ಆಚೆ ಹೋದವಳಲ್ಲ. ಆದರೆ ಈ ಒಂದು ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಮಸ್ಕತ್ತಿನಲ್ಲಿ ಯಾರೂ ಇಲ್ಲವೆಂದು ನನಗೊಂದು ಜಂಬ ಇತ್ತು. ಆ ಜಂಬ ಹೋದ ವಿಷಯವನ್ನು ಪಾಪನಿವೇದನೆಯಲ್ಲಿ ಹೇಳಿಬಿಡೋಣ ಎಂದು ಒಂದು ಶುಕ್ರವಾರ ಇಗರ್ಜಿಗೂ ಹೋಗಿದ್ದೆ. ಸಾಲಿನಲ್ಲಿ ನಿಂತು ಯೋಚಿಸಿದೆ, ಹತ್ತು ಆಜ್ಞೆಗಳಲ್ಲಿ ಬೂಟಿನ ಪಾಪ ಯಾವುದರ ಕೆಳಗೆ ಬರುತ್ತದೆ ಎಂದು. ಗೊತ್ತಾಗಲಿಲ್ಲ. ಹಿಂದೆ ನಿಂತವರಿಗೆ ಜಾಗ ಬಿಟ್ಟು ಮನೆಗೆ ಬಂದೆ. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ.

ನನ್ನ ತಮ್ಮ ಲಿಗೋರಿ ಉಡುಪಿಯ ಹತ್ತಿರದ ನಮ್ಮೂರಿನಲ್ಲಿ ಹಗಲು ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ, ಮದುವೆ ಇದ್ದರೆ ಬ್ಯಾಂಡಿನಲ್ಲಿ ಗಿಟಾರು ಬಾರಿಸುತ್ತಾನೆ. ಹದಿನೈದು ವರ್ಷ ಹಿಂದಿನ ಸಾಲಿನಲ್ಲೇ ನಿಂತು ಬಾರಿಸಿದವನು. ಈ ವರ್ಷ ಇಲ್ಲಿನ ನಮ್ಮ ಜನರ ಒಂದು ಸಂಗೀತ ಸಂಜೆಗೆ ಅವನನ್ನು ಕರೆಸಿದರು, ಅದೂ ಮುಂದೆ ನಿಂತು ಹಾಡುವುದಕ್ಕೆ. ಹಾಡುವವರು ಕೌಬಾಯ್ ವೇಷದಲ್ಲಿ ಬರಬೇಕು ಎಂದು ಕಮಿಟಿಯವರ ಅಪ್ಪಣೆ. ಬಿಸಿಲಲ್ಲಿ ಒಂಟೆಯೂ ನೆರಳು ಹುಡುಕುವ ಈ ದೇಶದಲ್ಲಿ ಮೊಣಕಾಲಿನವರೆಗೆ ಚರ್ಮದ ಬೂಟು ಯಾಕೆ ಎಂದು ಕೇಳಿದರೆ, "ಹಾಲ್‌ಗೆ ಏಸಿ ಉಂಟಲ್ಲ ಮಾರಾಯ್ರೆ" ಎಂದರು.

ನಾನೇನೂ ಹೆದರಲಿಲ್ಲ. ತಮ್ಮ ಬರುವ ಎರಡು ವಾರ ಮೊದಲೇ ಬೌಷರ್‌ನ ಶಾಪಿಂಗ್ ಮಾಲ್‌ಗೆ ಹೋಗಿ ಬೂಟು ತಂದಿಟ್ಟೆ. ಕಂದು ಬಣ್ಣ, ಚೂಪು ಮೂತಿ, ಎತ್ತರದ ಹಿಮ್ಮಡಿ, ಪಕ್ಕದಲ್ಲಿ ಬಳ್ಳಿಯ ಹಾಗೆ ಹೊಲಿಗೆ. ಆ ಹೊಲಿಗೆಯನ್ನು ಒಳಗೆ ಕೈ ಹಾಕಿ ನೋಡಿದೆ, ಎಲ್ಲೂ ನೂಲು ಬಿಟ್ಟಿರಲಿಲ್ಲ. ನಂಬರು ನಲವತ್ತಮೂರು. ಅವನಿಗೆ ನಾನು ಕಳಿಸುವುದು ಯಾವಾಗಲೂ ನಲವತ್ತಮೂರೇ. ಲಿಗೋರಿ ಬಂದವನೇ ಹಾಕಿಕೊಂಡು ನನ್ನ ಒಂದು ಕೋಣೆಯ ಮನೆಯಲ್ಲಿ ಫ್ರಿಜ್ಜಿನಿಂದ ಬಾಗಿಲಿನವರೆಗೆ, ಬಾಗಿಲಿನಿಂದ ಫ್ರಿಜ್ಜಿನವರೆಗೆ ನಡೆದ.

"ಹೇಗುಂಟು?" ಎಂದೆ.

"ಸರಿ ಉಂಟು ಬಾಯ್. ಲಾಯ್ಕುಂಟು." ನಮ್ಮಲ್ಲಿ ಅಕ್ಕನನ್ನು ಬಾಯ್ ಎನ್ನುವುದು.

ನಂಬಿದೆ. ಊರಿನ ಹೆಂಗಸರೆಲ್ಲ ಹೇಳುವ "ಸರಿ"ಯನ್ನು ನಂಬದ ನಾನು, ಇವನದ್ದನ್ನು ನಂಬಿದೆ.

ಮಾರನೆಯ ದಿನ ಹಾಡಿನ ಅಭ್ಯಾಸ. ಮುಖ್ಯ ಹಾಡಿನಲ್ಲಿ ಅವನು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ತಾಳ ಕೊಡಬೇಕು, ಆಮೇಲೆ ಡ್ರಮ್ಮು ಶುರುವಾಗಬೇಕು. ಲಿಗೋರಿ ಕಾಲು ಎತ್ತಿದ, ಕುಟ್ಟಿದ. ಕಾಲು ಕೆಳಗೆ ಬಂತು, ಬೂಟಿನ ಸದ್ದು ಸ್ವಲ್ಪ ತಡೆದು ಬಂತು. ಮತ್ತೆ ಕುಟ್ಟಿದ, ಮತ್ತೆ ಹಾಗೆಯೇ. ಡ್ರಮ್ಮಿನ ಸ್ಟ್ಯಾನಿ ಕೋಲು ಕೆಳಗಿಟ್ಟು, "ಲಿಗೋರಿ, ನೀನು ಬಂದದ್ದು ಗೊತ್ತಾಯ್ತು ಮಾರಾಯ. ನಿನ್ನ ಬೂಟು ಯಾವ ಫ್ಲೈಟಿಗೆ ಬರ್ತದೆ?" ಎಂದ. ಎಲ್ಲರೂ ನಕ್ಕರು. ಲಿಗೋರಿಯೂ ನಕ್ಕ. ನಾನು ಮಾತ್ರ ಹೋಗಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಬೂಟು ಎಳೆದೆ. ಎಳೆಯುವುದೇನು ಬಂತು, ಕೈ ಇಟ್ಟ ಕೂಡಲೇ ಕಳಚಿ ಬಂತು. ಒಳಗೆ ಮೂತಿಯಲ್ಲಿ ಏನೋ ಮೆತ್ತಗೆ ಸಿಕ್ಕಿತು. ಹೊರಗೆ ತೆಗೆದರೆ ನನ್ನ ಅಂಗಡಿಯ ಚೂರುಬಟ್ಟೆ. ಒಬ್ಬ ಟೀಚರಮ್ಮನ ಹಸಿರು ರವಿಕೆಯ ಲೈನಿಂಗು, ಉಂಡೆ ಕಟ್ಟಿದ್ದು.

"ಇದೆಂತದು?"

"ಊರಲ್ಲಾದರೆ ಪೇಪರ್ ತುರುಕ್ತೇನೆ ಬಾಯ್. ಇಲ್ಲಿ ನಿನ್ನ ಮನೆಯಲ್ಲಿ ಪೇಪರ್ ಬರುದಿಲ್ಲಲ್ಲ."

"ನಿನ್ನ ಕಾಲಿನ ನಂಬ್ರ ಎಷ್ಟು ಹಾಗಾದರೆ?"

"ನೀನು ಕಳಿಸಿದ್ದೆಲ್ಲ ನಲವತ್ಮೂರು."

"ಶೂಸಿದ್ದಲ್ಲ ಬೇವರ್ಸಿ, ಕಾಲಿದ್ದು!"

ಅವನು ಸ್ವಲ್ಪ ಯೋಚಿಸಿದ. "ಅದು ನಂಗೆ ಹೇಗೆ ಗೊತ್ತು? ನಾನಾಗಿ ಯಾವತ್ತೂ ತೆಕ್ಕೊಂಡದ್ದೇ ಇಲ್ಲಲ್ಲ."

ಈಗ ನನ್ನ ಪಾಪಕ್ಕೆ ಬರುತ್ತೇನೆ. ನಾನು ಊರು ಬಿಟ್ಟಾಗ ಲಿಗೋರಿಗೆ ಹನ್ನೊಂದು ವರ್ಷ. ಮಕ್ಕಳ ಬಟ್ಟೆ ಹೊಲಿಯುವವರು ಮಡಿಕೆಯಲ್ಲಿ ಎರಡು ಇಂಚು ಬಿಟ್ಟೇ ಹೊಲಿಯುತ್ತಾರೆ, ಮಗು ಬೆಳೆದ ಹಾಗೆ ಬಿಚ್ಚಿಕೊಳ್ಳಲಿ ಎಂದು. ನಾನು ಶೂಸನ್ನೂ ಹಾಗೇ ಕೊಂಡೆ. ರಜೆಗೆ ಹೋಗುವಾಗಲೊಮ್ಮೆ ಒಂದು ಜೊತೆ, ಪ್ರತಿ ಸಲ ಒಂದು ನಂಬರು ಮುಂದೆ. ಕಾಲು ಎಲ್ಲಿ ನಿಂತಿತೋ ನಾನು ನೋಡಲಿಲ್ಲ, ನಾನು ನಲವತ್ತಮೂರರಲ್ಲಿ ನಿಂತೆ. ಅದಕ್ಕಿಂತ ದೊಡ್ಡದು ಅಂಗಡಿಯ ಮೇಲಿನ ಹಲಗೆಯಲ್ಲಿರುತ್ತದೆ, ಕೇಳಿ ಇಳಿಸಬೇಕು, ಅದಕ್ಕೇ. ಅವನು ಒಮ್ಮೆ, ಹದಿಮೂರು ವರ್ಷದವನಿದ್ದಾಗ, ಫೋನಿನಲ್ಲಿ "ಬಾಯ್, ಶೂಸು ದೊಡ್ಡದಾಯ್ತು" ಎಂದಿದ್ದ. ಅವತ್ತು ಅಂಗಡಿಯಲ್ಲಿ ಏನೋ ಬೈಗುಳ ತಿಂದು ಬಂದಿದ್ದೆ. "ಬೆನ್ನು ಮುರಿದು ಹೊಲಿದು ಕಳಿಸಿದ್ದಕ್ಕೆ ನಿನಗೆ ಅದೂ ಸರಿಯಿಲ್ಲವಾ?" ಎಂದು ಕೂಗಿ, ಅತ್ತು, ಫೋನು ಇಟ್ಟೆ. ಎರಡು ವಾರ ಮಾತಾಡಲಿಲ್ಲ. ಅಮ್ಮ ಅವನಿಗೆ ಏನು ಹೇಳಿದಳೋ ತಿಳಿಯದು. ಆಮೇಲೆ ನಾನು ಕಳಿಸಿದ್ದೆಲ್ಲ ಅವನಿಗೆ ಸರಿಯಾಯಿತು. ಶೂಸು, ಜೀನ್ಸು, ವಾಚು, ಎಲ್ಲವೂ. ಬೇರೆ ಶೂಸಿಗೆ ಲೇಸು ಇರುತ್ತದೆ, ಬಿಗಿದು ಕಟ್ಟಿದರೆ ಸುಳ್ಳು ಒಳಗೆ ನಿಲ್ಲುತ್ತದೆ. ಈ ಹಾಳು ಕೌಬಾಯ್ ಬೂಟಿಗೆ ಲೇಸೇ ಇಲ್ಲ.

ಸಂಗೀತ ಸಂಜೆಗೆ ಇನ್ನು ಆರು ದಿನ ಇತ್ತು. ಈ ಒಂದು ಸಲವಾದರೂ ಅವನ ಕಾಲಿಗೆ ಹೊಂದುವ ಒಂದು ಜೊತೆ ಕೊಡದಿದ್ದರೆ ನಾನು ಇಂಚುಟೇಪು ಮುಟ್ಟುವುದಿಲ್ಲ ಎಂದುಕೊಂಡೆ. ಆನ್‌ಲೈನಿನಲ್ಲಿ ತರಿಸು ಎಂದು ಹಲವರು ಹೇಳಿದರು. ಅದು ಮೊದಲು ಕೇಳುವುದೇ ನಂಬರು. ಬೌಷರ್‌ನ ಮಾಲಿನಲ್ಲಿ ಇದ್ದದ್ದು ಅದೊಂದೇ ಜೊತೆಯಂತೆ. ರೂವಿ ಪೇಟೆಯಲ್ಲಿ ಬೂಟು ಎಂದರೆ ಕಟ್ಟಡ ಕೆಲಸದವರ ಕಬ್ಬಿಣದ ಮೂತಿಯ ಸೇಫ್ಟಿ ಬೂಟು ತಂದಿಟ್ಟರು. ಇನ್ನೊಂದು ಕಡೆ ಮಳೆಗಾಲದ ಗಂಬೂಟು ತೋರಿಸಿದರು, ವರ್ಷಕ್ಕೆ ಎರಡು ಸಲ ಮಳೆ ಬರುವ ಊರಿನಲ್ಲಿ. ಕೊನೆಗೆ ಒಂದು ದೊಡ್ಡ ಅಂಗಡಿಯಲ್ಲಿ ಕೌಬಾಯ್ ಬೂಟುಗಳು ಸಾಲಾಗಿ ಸಿಕ್ಕಿದವು. ಮಾರುವವನು ಕಣ್ಣೂರಿನವನು, ಒಳ್ಳೆಯ ಮನುಷ್ಯ. ನಲವತ್ತೆರಡು ಹಾಕಿಸಿದ. "ಆಗ್ತದೆ ಬಾಯ್" ಎಂದ ಲಿಗೋರಿ. ನಲವತ್ತೊಂದು ಹಾಕಿಸಿದ. "ಇದೂ ಆಗ್ತದೆ." ನಲವತ್ತು ಹಾಕಿಸುವಾಗ ಹಿಮ್ಮಡಿ ಒಳಗೆ ಹೋಗದೆ ಅರ್ಧದಲ್ಲಿ ನಿಂತಿತು, ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. "ಸ್ವಲ್ಪ ಹಾಕಿದರೆ ಸಡಿಲ ಆಗ್ತದೆ" ಎಂದ.

"ಮೂರೂ ಆಗುವುದಾದರೆ ನಿನ್ನದು ಕಾಲೋ ಚೀಲವೋ?" ಎಂದು ಕೂಗಿದೆ.

"ಚೇಚಿ, ಬೈಯಬೇಡಿ," ಎಂದ ಕಣ್ಣೂರಿನವನು ಹಿಂದಿಯಲ್ಲಿ; ಚೇಚಿ ಮಾತ್ರ ಅವರ ಮಲಯಾಳದ ಅಕ್ಕ. "ಇಂಥ ಗಿರಾಕಿ ದಿನಕ್ಕೊಬ್ಬರು ಬಂದರೆ ನಾನು ಇಷ್ಟೊತ್ತಿಗೆ ಮ್ಯಾನೇಜರ್ ಆಗಿರುತ್ತಿದ್ದೆ." ಆಮೇಲೆ ತಮಾಷೆಗೆ ಹೆಂಗಸರ ಬೂಟೊಂದನ್ನು ತಂದಿಟ್ಟ, ಗುಲಾಬಿ ಬಣ್ಣದ್ದು, ಹೊಳೆಯುವ ಕಲ್ಲು ಕೂರಿಸಿದ್ದು. ನನ್ನ ತಮ್ಮ ಅದರೊಳಗೂ ಕಾಲಿಟ್ಟು, ನನ್ನ ಮುಖ ನೋಡಿ, "ಪರವಾಗಿಲ್ಲ" ಎಂದ. ನಾನು ಅಂಗಡಿಯಿಂದ ಹೊರಗೆ ನಡೆದೆ.

ಇನ್ನು ಒಂದೇ ದಿನ ಎನ್ನುವಾಗ ನನ್ನ ಒಬ್ಬ ಒಮಾನಿ ಗಿರಾಕಿ, ಬರ್ಕಾ ರಸ್ತೆಯಲ್ಲಿ ಕುದುರೆ ಸಾಮಾನಿನ ಅಂಗಡಿಯೊಂದಿದೆ, ಅಲ್ಲಿ ನೋಡು ಎಂದಳು. ಜೀನು, ಲಗಾಮು, ಹುಲ್ಲಿನ ಮೂಟೆಗಳ ಮಧ್ಯೆ ಬಿಳಿ ಗಡ್ಡದ ಒಮಾನಿ ಅಜ್ಜ ಕೂತಿದ್ದ. ಒಳಗಿನಿಂದ ನಾಲ್ಕು ಜೊತೆ ತಂದ. ಮೊದಲನೆಯದನ್ನು ಲಿಗೋರಿ ಹಾಕಿಕೊಂಡ. ಅಜ್ಜ "ಹೇಗಿದೆ?" ಎಂದು ಹಿಂದಿಯಲ್ಲಿ ಕೇಳಿದ. ಲಿಗೋರಿ ನನ್ನ ಕಡೆ ನೋಡಿ "ಸರಿ ಉಂಟು" ಎಂದ. ಅಜ್ಜ ಅವನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಸಿಸ್ಟರ್, ನೀವು ಸ್ವಲ್ಪ ಹೊರಗೆ ನಿಲ್ಲಿ."

"ನಾನು ಇವನ ಅಕ್ಕ. ಟೈಲರ್."

"ಅದಕ್ಕೇ ಹೇಳಿದ್ದು. ಕುದುರೆಯೂ ಯಜಮಾನ ಎದುರಿಗಿದ್ದರೆ ಕುಂಟುವುದನ್ನು ಬಚ್ಚಿಡುತ್ತದೆ. ಯಲ್ಲಾ, ನಡೀರಿ, ಹೊರಗೆ."

ಹೊರಗೆ ಬಿಸಿಲು ತಲೆಯ ಮೇಲೆ ಕುಳಿತಿತ್ತು. ಗಾಜಿನಿಂದ ಇಣುಕಿದೆ. ಅಜ್ಜ ಏನೋ ಕೇಳಿದ. ಲಿಗೋರಿ ಮೊದಲು ಬಾಗಿಲಿನ ಕಡೆ ನೋಡಿದ, ನಾನಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಮಾತಾಡಲು ಶುರು ಮಾಡಿದ. ಬೆರಳಿನಿಂದ ಇಲ್ಲಿ ತೋರಿಸಿದ, ಅಲ್ಲಿ ತೋರಿಸಿದ, ಹುಬ್ಬು ಗಂಟಿಕ್ಕಿದ, ಒಂದು ಬೂಟನ್ನು ಕಿತ್ತು ಪಕ್ಕಕ್ಕೆ ಎಸೆದ. ಇಪ್ಪತ್ತು ವರ್ಷದಲ್ಲಿ ನನ್ನ ತಮ್ಮ ಒಂದು ವಸ್ತುವನ್ನು ಬೇಡ ಎಂದದ್ದನ್ನು ನಾನು ಮೊದಲು ನೋಡಿದ್ದು ಹೀಗೆ, ಹೊರಗೆ ಪೇರಿಸಿದ್ದ ಕುದುರೆಯ ಹುಲ್ಲಿನ ಮೂಟೆಗೆ ಒರಗಿಕೊಂಡು. ಕಣ್ಣಲ್ಲಿ ನೀರು ಬಂತು. ಹುಲ್ಲಿನ ಧೂಳು ಎಂದು ಸೆರಗಿನಿಂದ ಒರೆಸಿಕೊಂಡೆ.

ಕಾಲು ಗಂಟೆಯಾದ ಮೇಲೆ ಒಳಗೆ ಕರೆದರು. ನಲವತ್ತೊಂದು. "ಎಡದ್ದು ಕಿರುಬೆರಳಿನ ಹತ್ತಿರ ಕಚ್ಚುತ್ತದೆ" ಎಂದು ಲಿಗೋರಿ ಅಜ್ಜನಿಗೆ ಹೇಳಿದ, ನನ್ನ ಎದುರಿಗೇ. ಅಜ್ಜ ಅದರೊಳಗೆ ಮರದ ಅಚ್ಚು ತುರುಕಿ ಒಂದು ರಾತ್ರಿ ಇಟ್ಟು ಕೊಟ್ಟ. ಮಾರನೆಯ ದಿನ ಲಿಗೋರಿ ಹಾಕಿಕೊಂಡು ಅಂಗಡಿಯ ಸಿಮೆಂಟು ನೆಲಕ್ಕೆ ಹಿಮ್ಮಡಿ ಕುಟ್ಟಿದ. ಕಾಲೂ ಬೂಟೂ ಒಟ್ಟಿಗೇ ಬಿದ್ದವು.

ಇಲ್ಲಿಗೆ ಮುಗಿದಿದ್ದರೆ ನಾನು ಒಳ್ಳೆಯ ಅಕ್ಕ ಎನ್ನಿಸಿಕೊಳ್ಳುತ್ತಿದ್ದೆ. ಕಾರಿನಲ್ಲಿ ಬರುವಾಗ ನಾನೇ ಹೇಳಿದೆ, "ಇನ್ನು ಮೇಲೆ ಸರಿಯಿಲ್ಲದಿದ್ದರೆ ಸರಿಯಿಲ್ಲ ಅಂತ ಹೇಳಬೇಕು. ನಾನು ಏನೂ ಅಂದುಕೊಳ್ಳುದಿಲ್ಲ." ಅವನು ತಲೆಯಾಡಿಸಿದ. ಮಧ್ಯಾಹ್ನ ಊಟಕ್ಕೆ ಕೂತವನು, "ಬಾಯ್, ಬಂಗುಡೆ ಮೀನಿಗೆ ಹುಳಿ ಜಾಸ್ತಿ ಆಗಿದೆ" ಎಂದ. ಒಳ್ಳೆಯದು ಎಂದೆ. "ಈ ತಲೆದಿಂಬು ಕಲ್ಲಿನ ಹಾಗುಂಟು" ಎಂದ. ಆಗಲಿ ಎಂದೆ, ಹಲ್ಲು ಕಚ್ಚಿಕೊಂಡು. ಸಂಜೆ ಕಾರ್ಯಕ್ರಮಕ್ಕೆ ಹೊರಡುವ ಹೊತ್ತಿಗೆ, ಆ ವಾರವೆಲ್ಲ ಗಿರಾಕಿಗಳ ಕೆಲಸ ಬದಿಗಿಟ್ಟು ನಾನು ಹೊಲಿದಿದ್ದ ಝಾಲರಿಯ ಅಂಗಿಯನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ.

"ಬಾಯ್, ಇದು ಭುಜದಲ್ಲಿ ದೊಡ್ಡದಾಯ್ತು. ಕೆಳಗೆ ಜಾರ್ತದೆ."

ಎರಡು ಇಂಚು ಹೆಚ್ಚಿತ್ತು, ಮೂರು ಮಾರು ದೂರದಿಂದಲೇ ಕಾಣುತ್ತಿತ್ತು.

"ಅಂಗಿ ಸರಿಯಾಗಿಯೇ ಉಂಟು," ಎಂದೆ. "ನೀನು ನೆಟ್ಟಗೆ ನಿಂತ್ಕೋ."

ಅವನು ನನ್ನ ಮುಖ ನೋಡಿದ. ನೆಟ್ಟಗೆ ನಿಂತ. "ಹೌದು ಬಾಯ್," ಎಂದ, "ಈಗ ಸರಿ ಆಯ್ತು."

ಹಾಲ್‌ನಲ್ಲಿ ಬೂಟು ತಾಳಕ್ಕೆ ಸರಿಯಾಗಿ ಬಿತ್ತು, ಜನ ಕೂಗಿ ಚಪ್ಪಾಳೆ ತಟ್ಟಿದರು. ಲಿಗೋರಿ ಮೂರು ಹಾಡುಗಳನ್ನೂ ಭುಜ ಹಿಂದಕ್ಕೆ ಎಳೆದುಕೊಂಡು, ಎದೆ ಮುಂದೆ ಮಾಡಿಕೊಂಡು, ಸಿಪಾಯಿಯ ಹಾಗೆ ಅಲುಗಾಡದೆ ಹಾಡಿದ. ನನ್ನ ಪಕ್ಕದಲ್ಲಿ ಕೂತ ಹೆಂಗಸು, "ಎಂಥ ನಿಲುವು ಮಾರಾಯ್ರೆ ನಿಮ್ಮ ತಮ್ಮನದ್ದು!" ಎಂದು ಮೆಚ್ಚಿಕೊಂಡಳು.

"ಹೌದು," ಎಂದೆ. "ಚಿಕ್ಕಂದಿನಿಂದ ನಾನೇ ಕಲಿಸಿದ್ದು."