ಬೈಲಪ್ಪನವರ ಬಿಳಿ ಕಾರಿಗೆ ಮೇಣದ ಅಭ್ಯಂಜನ

"ಬೈಲಪ್ಪ, ತಪ್ಪು ತಿಳ್ಕೋಬೇಡ ಕಣೋ. ನಿನ್ ಕಾರು ಯಾಕೋ ಕಳೆಗುಂದೈತೆ. ಅರ್ಪಿತನ್ನ ಛತ್ರಕ್ಕೆ ಭೀಮರಾಜನ ಕಾರಲ್ಲೇ ಕರ್ಕೊಂಡೋಗೋಣ ಅಂತ ನಿಮ್ ಭಾವ ಹೇಳ್ತಾವ್ರೆ."

ಅಕ್ಕ ಮುತ್ತಮ್ಮ ಫೋನಿನಲ್ಲಿ ಹೀಗೆಂದದ್ದು ಗುರುವಾರ ಬೆಳಗ್ಗೆ. ಅವಳ ಮಗಳು ಅರ್ಪಿತಳ ಮದುವೆ ಇದ್ದದ್ದು ಭಾನುವಾರ, ಹೊಸಕೋಟೆಯ ಛತ್ರದಲ್ಲಿ. ಬೈಲಪ್ಪನವರ ಕೈಯಲ್ಲಿದ್ದ ಕಾಫಿ ಲೋಟ ತುಟಿಯವರೆಗೆ ಬಂದದ್ದು ಅಲ್ಲಿಯೇ ನಿಂತಿತು.

ಅವರು ಸೂಲಿಬೆಲೆಯ ಹಾಲಿನ ಡೈರಿಯಲ್ಲಿ ಇಪ್ಪತ್ತಾರು ವರ್ಷದಿಂದ ಹಾಲು ಪರೀಕ್ಷೆ ಮಾಡುವವರು. ಕ್ಯಾನಿನ ಮುಚ್ಚಳ ತೆಗೆಯುತ್ತಲೇ "ಎರಡು ಚೊಂಬು ನೀರು ಬಿದ್ದೈತೆ, ಅದೂ ಬೋರ್‌ವೆಲ್ ನೀರು" ಎನ್ನುವಷ್ಟು ಕಣ್ಣು ಪಳಗಿದವರು. ಬಿಳುಪಿನ ವಿಷಯದಲ್ಲಿ ತಾಲ್ಲೂಕಿಗೆ ತಾವೇ ಕೊನೆಯ ಮಾತು ಎಂದು ನಂಬಿದ್ದ ಅಂಥವರ ಬಿಳಿ ಕಾರನ್ನು ಕಳೆಗುಂದಿದೆ ಎನ್ನುವುದೆ? ಹೋಗಲಿ, ಸೋದರಮಾವ ಬದುಕಿರುವಾಗ ಹೆಣ್ಣು ಚಿಕ್ಕಪ್ಪನ ಕಾರಿನಲ್ಲಿ ಬರುವುದೆ? ಭೀಮರಾಜ ಎಂದರೆ ಭಾವನ ತಮ್ಮ. ಯುಗಾದಿಗೆ ಕೊಂಡ ಕಪ್ಪು ಕಾರೊಂದಿತ್ತು ಅವನ ಬಳಿ. ನಿಲ್ಲಿಸಿದರೆ ಎಮ್ಮೆ ಮಲಗಿದ ಹಾಗೆ ಕಾಣುತ್ತದೆ ಎಂದು ಬೈಲಪ್ಪನವರ ಅಭಿಪ್ರಾಯ (ಇದನ್ನು ಅವರು ಭೀಮರಾಜ ಇಲ್ಲದಿದ್ದಾಗ ಮಾತ್ರ ಹೇಳುತ್ತಿದ್ದರು).

"ಅಕ್ಕಾ, ಶನಿವಾರ ಸಾಯಂಕಾಲ ಒಂದ್ಸಲ ಬಂದು ಕಾರು ನೋಡು. ಆಮೇಲೂ ಬೇಡ ಅನ್ನಿಸಿದ್ರೆ ನಾನು ಮಾತೇ ಆಡಲ್ಲ" ಎಂದು ಫೋನಿಟ್ಟವರು ಎರಡು ದಿನ ರಜೆ ಬರೆದುಕೊಟ್ಟು ಸೀದಾ ಹೊಸಕೋಟೆಗೆ ಹೋದರು. ಕಾರು ತೊಳೆಯುವ ಅಂಗಡಿಗೆ ಬಿಡುವ ಮಾತೇ ಇಲ್ಲ. ಅಲ್ಲಿ ಲಾರಿ ಉಜ್ಜಿದ ಬ್ರಷ್ಷಿನಲ್ಲೇ ಕಾರನ್ನೂ ಉಜ್ಜುತ್ತಾರೆ ಎಂದು ಅವರಿಗೆ ಖಾತ್ರಿಯಿತ್ತು. ಶಾಂಪೂ, ಪಾಲಿಷ್, ಒಂದು ಡಬ್ಬ ವ್ಯಾಕ್ಸು, ಕೋಳಿಮರಿಯಷ್ಟು ಮೆತ್ತಗಿನ ಆರು ಹಳದಿ ಬಟ್ಟೆ ಎಲ್ಲವನ್ನೂ ತಂದು ಜಗಲಿಯ ಮೇಲೆ ಪೂಜಾಸಾಮಗ್ರಿಯಂತೆ ಜೋಡಿಸಿದರು.

ಅನುಸೂಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಏನ್ರೀ ಇದು?"

"ವ್ಯಾಕ್ಸು."

"ಬ್ಯೂಟಿ ಪಾರ್ಲರಲ್ಲಿ ಕೈಕಾಲಿಗೆ ಹಚ್ಚಿ ಕೂದಲು ಕೀಳ್ತಾರಲ್ಲ, ಅದಾ? ಕಾರಿಗೂ ಕೂದಲು ಬಂದೈತಾ?"

"ಅದು ಬೇರೆ, ಇದು ಬೇರೆ ಕಣೇ. ಇದು ಮೇಣ. ಹಚ್ಚಿ ಒರೆಸಿದ್ರೆ ಕಾರು ಕನ್ನಡಿ ಆಗ್ತದೆ."

"ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. ಕುಡಿದ ಲೋಟಾನ ಒಂದು ದಿನ ತೊಳೆದವರಲ್ಲ ನೀವು."

"ಲೋಟ ಯಾರು ಬೇಕಾದ್ರೂ ತೊಳೀತಾರೆ" ಎಂದು ಬೈಲಪ್ಪನವರು ಗಂಭೀರವಾಗಿ ಹೇಳಿ ಪಂಚೆ ಮೇಲಕ್ಕೆ ಕಟ್ಟಿದರು.

ಶುಕ್ರವಾರ ಬೆಳಗ್ಗೆ ಶ್ವೇತವಾಹನದ ಅಭ್ಯಂಜನ ಶುರುವಾಯಿತು. ಎರಡು ಬಕೆಟ್ ನೀರಿನಿಂದ ಆರಂಭವಾದದ್ದು ಹನ್ನೊಂದು ಬಕೆಟ್ಟಿಗೆ ಹೋಗಿ ನಿಂತಿತು. ನೊರೆ ಹಚ್ಚಿ, ತೊಳೆದು, ಒರೆಸಿ, ಪಾಲಿಷ್ ತಿಕ್ಕಿದಾಗ ಬಟ್ಟೆಗೆ ಬಂದ ಕೊಳೆ ನೋಡಿ ಅವರೇ ಬೆಚ್ಚಿದರು. ಅಕ್ಕ ಹೇಳಿದ್ದು ಸುಳ್ಳಲ್ಲ ಎನಿಸಿತು. (ಆ ಬಟ್ಟೆಯನ್ನು ಹೆಂಡತಿಗೆ ತೋರಿಸದೆ ಹಿತ್ತಲಲ್ಲಿ ಒಗೆದು ಹಾಕಿದರು.) ಆದರೆ ಪಾಲಿಷ್ ಬಿದ್ದಲ್ಲೆಲ್ಲ ಕಾರು ಒಳಗಿನಿಂದಲೇ ಬೆಳ್ಳಗಾಗುತ್ತ ಬಂತು. ಬೈಲಪ್ಪನವರ ಎದೆಯೂ ಅದರ ಜೊತೆಗೇ ಅಗಲವಾಗುತ್ತ ಬಂತು. ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ನೋಡಿದರೆ ಸಾಕು, ಅವರು ಇನ್ನೊಂದು ಸುತ್ತು ತಿಕ್ಕುತ್ತಿದ್ದರು.

ಊಟಕ್ಕೆ ಕರೆದರೂ ಹೋಗದೆ, ಅದೇ ಉತ್ಸಾಹದಲ್ಲಿ ಡಬ್ಬ ತೆರೆದು ಬಾನೆಟ್ಟಿನ ತುಂಬ ವ್ಯಾಕ್ಸ್ ಹಚ್ಚಿದರು. ಸ್ವಲ್ಪ ಹಚ್ಚಿದರೆ ಕನ್ನಡಿಯಾಗುವುದಾದರೆ ಹೆಚ್ಚು ಹಚ್ಚಿದರೆ ವಜ್ರವೇ ಆಗಬೇಕಲ್ಲ ಎಂಬ ಲೆಕ್ಕ. ಒಬ್ಬಟ್ಟಿಗೆ ತುಪ್ಪ ಸವರಿದಂತೆ ಧಾರಾಳವಾಗಿ ಸವರಿದರು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಬಾನೆಟ್ಟು ದೋಸೆ ಹಂಚಿನಂತೆ ಕಾದಿತ್ತು. ಒರೆಸಲು ಬಟ್ಟೆ ಇಟ್ಟರೆ ಬಟ್ಟೆ ಕದಲಲೇ ಇಲ್ಲ. ಮೇಣ ಗಟ್ಟಿಯಾಗಿ, ಕಡ್ಲೆಮಿಠಾಯಿಯ ಪಾಕದಂತೆ ಹಿಡಿದುಕೊಂಡುಬಿಟ್ಟಿತ್ತು. ಬಲಗೈಯಲ್ಲಿ ತಿಕ್ಕಿದರು, ಎಡಗೈಯಲ್ಲಿ ತಿಕ್ಕಿದರು, ಎರಡೂ ಕೈ ಸೇರಿಸಿ ರಾಗಿ ಬೀಸುವಂತೆ ತಿಕ್ಕಿದರು. ರಟ್ಟೆ ಬಿದ್ದುಹೋಯಿತೇ ಹೊರತು ಮೇಣ ಬಿಡಲಿಲ್ಲ.

ಅನುಸೂಯಮ್ಮ ಡಬ್ಬ ಎತ್ತಿಕೊಂಡು, ಕನ್ನಡಕ ಏರಿಸಿ ಹಿಂಬದಿ ಓದಿದರು. "ನೆರಳಲ್ಲಿ ಹಚ್ಚಬೇಕು, ತೆಳ್ಳಗೆ ಹಚ್ಚಬೇಕು ಅಂತ ಇಲ್ಲೇ ಬರೆದೈತಲ್ರೀ."

"ಅದನ್ನೆಲ್ಲ ಗೊತ್ತಿಲ್ಲದೋರಿಗೆ ಬರೆದಿರ್ತಾರೆ."

"ಮತ್ತೆ ಓದ್ಬೇಕಿತ್ತಲ್ಲ?"

ಬೈಲಪ್ಪನವರು ಕಾರಿನ ಇನ್ನೊಂದು ಬದಿಗೆ ಹೋದರು. ಅವರ ಕಣ್ಣ ಮುಂದೆ ಕಪ್ಪು ಕಾರು, ಅದರ ಹಿಂದಿನ ಸೀಟಿನಲ್ಲಿ ಅರ್ಪಿತ, ಸ್ಟೇರಿಂಗಿನಲ್ಲಿ ಹಲ್ಲು ಕಿರಿಯುವ ಭೀಮರಾಜ ಎಲ್ಲ ಮೆರವಣಿಗೆಯಂತೆ ಹಾದುಹೋದವು. ಇದೇ ಅಂಗಳದಲ್ಲಿ ಆಡಿ ಬೆಳೆದ ಹುಡುಗಿ ಅರ್ಪಿತ. ರಜೆ ಬಂತೆಂದರೆ ಇಲ್ಲಿಗೇ ಬಂದು, ಈ ಕಾರಿನಲ್ಲೇ ನಲ್ಲೂರಿನ ಹುಣಸೆ ತೋಪಿಗೆ ಹೋಗಬೇಕೆಂದು ಹಟ ಹಿಡಿಯುತ್ತಿದ್ದವಳು. ಅವರು ಬಟ್ಟೆ ಕೆಳಗೆ ಹಾಕಿ ಮೆಟ್ಟಿಲ ಮೇಲೆ ಕುಳಿತರು.

ಗಂಡನ ಮುಖ ನೋಡಿದ ಅನುಸೂಯಮ್ಮ ಡಬ್ಬ ಕೆಳಗಿಟ್ಟರು. ಬಾನೆಟ್ಟನ್ನು ಉಗುರಿನಿಂದ ಒಮ್ಮೆ ಕೆರೆದು ನೋಡಿ, "ಹಲಸಿನ ಹಣ್ಣಿನ ಮೇಣ ಕೈಗೆ ಅಂಟಿದ್ರೆ ಏನ್ ಮಾಡ್ತೀವಿ?" ಎಂದರು.

"ಎಣ್ಣೆ ಹಚ್ಕೋತೀವಿ."

"ಜಿಡ್ಡಿಗೆ ಜಿಡ್ಡೇ ಮದ್ದು. ಕಾರನ್ನ ಹೊಂಗೆ ಮರದ ಕೆಳಗೆ ತನ್ನಿ. ತಣ್ಣಗಾಗ್ಲಿ. ಆಮೇಲೆ ಇದರ ಮೇಲೇ ಹೊಸ ಮೇಣ ಒಂಚೂರು ಹಚ್ಚಿ, ಒಣಗೋಕೆ ಬಿಡದೆ ಒರೆಸಿ ನೋಡಿ."

ಹಾಗೇ ಮಾಡಿದರು. ಗಟ್ಟಿ ಮೇಣ ಮೆತ್ತಗಾಗಿ ಬಟ್ಟೆಗೆ ಬಂದುಬಿಟ್ಟಿತು! ಬೈಲಪ್ಪನವರು ಹೆಂಡತಿಯತ್ತ ಮೆಚ್ಚುಗೆಯಿಂದ ನೋಡಿದರು. ಆದರೆ ಬಾಯಲ್ಲಿ ಬಂದದ್ದು, "ನಾನೂ ಅದನ್ನೇ ಯೋಚ್ನೆ ಮಾಡ್ತಿದ್ದೆ" ಎಂಬ ಮಾತು.

ಶನಿವಾರ ಇನ್ನೊಂದು ಕಷ್ಟ. ಬಿಳಿ ಕಾರು, ಬಿಳಿ ಮೇಣ. ಎಲ್ಲಿ ಹಚ್ಚಿದೆ, ಎಲ್ಲಿ ಹಚ್ಚಿಲ್ಲ, ಎಲ್ಲಿ ಒರೆಸಿದೆ ಎಂಬುದೇ ಗೊತ್ತಾಗದು. ಹಾಲಿನಲ್ಲಿ ನೀರು ಹಿಡಿಯುವ ಕಣ್ಣುಗಳು ಹಾಲಿನಲ್ಲಿ ಹಾಲು ಹಿಡಿಯಲಾರದೆ ಸೋತವು. ಒಂದೇ ಬಾಗಿಲಿಗೆ ಮೂರು ಸಲ ಹಚ್ಚಿ, ಪಕ್ಕದ ಬಾಗಿಲನ್ನು ಮರೆತೇಬಿಟ್ಟಿದ್ದರು. ಅದನ್ನೂ ಅನುಸೂಯಮ್ಮನೇ ಕಂಡುಹಿಡಿದರು.

"ನೇರವಾಗಿ ನೋಡಿದ್ರೆ ಏನ್ ಕಾಣ್ತದೆ? ನೆಲ ಒರೆಸಿದ್ಮೇಲೆ ನಾವು ನೋಡ್ತೀವಲ್ಲ, ಹಂಗೆ ಕೆಳಗೆ ಬಗ್ಗಿ ಅಡ್ಡಡ್ಡ ನೋಡಿ."

ಬೈಲಪ್ಪನವರು ಬಗ್ಗಿದರು. (ಇಪ್ಪತ್ತೆಂಟು ವರ್ಷದಲ್ಲಿ ಒರೆಸಿದ ನೆಲವನ್ನು ಹೀಗೆ ನೋಡಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.) ಒರೆಸದೆ ಉಳಿದಲ್ಲೆಲ್ಲ ಮಬ್ಬು ಮಬ್ಬಾಗಿ ಪಟ್ಟೆಗಳು ಕಂಡವು. ಅನುಸೂಯಮ್ಮ ಜಗಲಿಯ ಅಂಚಿನಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತ, "ಬಾಗ್ಲು ಹಿಡಿ ಹತ್ರ ಐತೆ... ಇನ್ನೂ ಎಡಕ್ಕೆ... ನಂಬರ್ ಪ್ಲೇಟ್ ಮೇಲೆ ಬಿಟ್ರಿ" ಎಂದು ಹೇಳುತ್ತಿದ್ದರೆ, ಬೈಲಪ್ಪನವರು ಒಮ್ಮೆ ಕುಕ್ಕರಗಾಲಿನಲ್ಲಿ, ಒಮ್ಮೆ ಮೊಣಕಾಲೂರಿ, ಕಾರಿಗೆ ಪ್ರದಕ್ಷಿಣೆ ಹಾಕುತ್ತಿದ್ದರು. ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಿತು. ಮೇಲೆ ಹೊಂಗೆ ಮರದ ಎಲೆ ಅಲುಗಿದರೆ ಕಾರಿನ ಮೇಲೂ ಎಲೆ ಅಲುಗುತ್ತಿತ್ತು. ಒಂದು ಕಾಗೆ ಕೊಂಬೆಯ ಮೇಲೆ ಕುಳಿತು ಕೆಳಗೆ ನೋಡಿತು. ಬೈಲಪ್ಪನವರು ಅದಕ್ಕೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಐದು ಗಂಟೆಗೆ ಮುತ್ತಮ್ಮ ಬಂದಿಳಿದಳು. ಕರೆತಂದವನು ಭೀಮರಾಜನೇ. ಅವನ ಕಪ್ಪು ಕಾರಿನ ಮೇಲೆ ಸೂಲಿಬೆಲೆ ರಸ್ತೆಯ ಧೂಳೆಲ್ಲ ಗೋಪೀಚಂದನದಂತೆ ಕುಳಿತಿತ್ತು. ಮುತ್ತಮ್ಮ ಬಿಳಿ ಕಾರಿನ ಸುತ್ತ ಒಮ್ಮೆ ಬಂದಳು. ಬಾಗಿಲಲ್ಲಿ ತನ್ನ ಮುಖವೇ ಮಸುಕಾಗಿ ಕಂಡಾಗ ಅಲ್ಲಿಯೇ ನಿಂತು ತಲೆಗೂದಲು ಸರಿ ಮಾಡಿಕೊಂಡಳು.

"ಇದು ಅದೇ ಕಾರೇನೋ?"

"ಅಣ್ಣ, ಪೇಂಟ್ ಹೊಡಿಸಿದ್ರಾ? ಎಲ್ಲಿ ಹೊಡಿಸಿದ್ರಿ?" ಎಂದ ಭೀಮರಾಜ.

"ಪೇಂಟಲ್ಲಪ್ಪ, ಕೈ" ಎಂದು ಬೈಲಪ್ಪನವರು ತಮ್ಮ ಎರಡೂ ಅಂಗೈ ತೋರಿಸಿದರು. ಮುತ್ತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೆಣ್ಣು ನಿನ್ ಕಾರಲ್ಲೇ ಬರ್ತಾಳೆ ಕಣೋ" ಎಂದಳು. ಒಳಗಿನಿಂದ ಅನುಸೂಯಮ್ಮ ಕೆಮ್ಮಿದ್ದು ಬೈಲಪ್ಪನವರಿಗೆ ಕೇಳಿಸಲಿಲ್ಲ.

ಭಾನುವಾರ ಬೆಳಗ್ಗೆ ಕಾರು ಅಕ್ಕನ ಮನೆಯ ಮುಂದೆ ನಿಂತದ್ದೇ ಹೂವಿನ ಅಂಗಡಿಯ ನಂದೀಶ್ ಬುಟ್ಟಿ ತುಂಬ ಗುಲಾಬಿ, ಸೇವಂತಿಗೆ ಹೊತ್ತು ತಂದ. ಟೇಪು ಹಚ್ಚಿ ಹಾರ ಅಂಟಿಸಿದ. ಹಾರ ಜಾರಿತು. ಎರಡು ಸುತ್ತು ಟೇಪು ಹಚ್ಚಿದ. ಹಾರ ನಿಧಾನವಾಗಿ, ಜಾರುಬಂಡೆಯಲ್ಲಿ ಕೂತ ಮಗುವಿನಂತೆ ಖುಷಿಯಾಗಿ ಜಾರಿ ನೆಲಕ್ಕೆ ಬಂತು.

"ಏನ್ ಸಾರ್, ಕಾರಿಗೆ ಬೆಣ್ಣೆ ಹಚ್ಚಿದ್ದೀರಾ? ಒಂಚೂರು ಸ್ಪಿರಿಟ್ ಹಾಕಿ ಮೇಣ ತೆಗೀಲಾ?"

"ಕೈ ಕಡಿದುಬಿಡ್ತೀನಿ! ಹೂವೇ ಬೇಡ. ಹಂಗೇ ಬರ್ಲಿ. ಹೊಳಪು ಮುಚ್ಚೋಕೆ ಹೂವು ಯಾಕೆ?"

ಹೀಗೆ ಹೆಣ್ಣಿನ ಕಾರು ಒಂದು ದಳ ಹೂವೂ ಇಲ್ಲದೆ ಹೊರಟಿತು. ಹತ್ತುವ ಮೊದಲು ಎಲ್ಲರೂ ಚಪ್ಪಲಿ ಬಿಡಬೇಕೆಂದು ಬೈಲಪ್ಪನವರು ಅಪ್ಪಣೆ ಮಾಡಿದರು. "ಇದೇನ್ರೀ, ಕಾರಾ, ಗರ್ಭಗುಡೀನಾ?" ಎಂದು ಅನುಸೂಯಮ್ಮ ಕೇಳಿದರು. ಅರ್ಪಿತ ಮಾತ್ರ ಧಾರೆಯ ಸೀರೆ ಎತ್ತಿ ಹಿಡಿದು, ನಗುತ್ತ ಚಪ್ಪಲಿ ಕೈಯಲ್ಲಿ ಹಿಡಿದೇ ಹತ್ತಿದಳು. "ಮಾವ, ಕಾರು ಎಷ್ಟು ಚೆನ್ನಾಗಿದೆ ಗೊತ್ತಾ?" ಎಂದಳು. ಹೊಸಕೋಟೆ ಬರುವವರೆಗೂ ಬೈಲಪ್ಪನವರು ಇಪ್ಪತ್ತರ ವೇಗ ದಾಟಲಿಲ್ಲ. ಜನ ನೋಡಬೇಕಲ್ಲ!

ಛತ್ರದ ಬಾಗಿಲಲ್ಲಿ ಹೆಂಗಸರೆಲ್ಲ ಅರ್ಪಿತಳನ್ನು ಇಳಿಸಿಕೊಂಡು ಒಳಗೆ ಹೋದರು. ಬೈಲಪ್ಪನವರು ಕಾರನ್ನು ಮರದ ನೆರಳಿನಲ್ಲಿ ನಿಲ್ಲಿಸಿ, ದಾರಿಯ ಧೂಳು ಕಣ್ಣಿಗೆ ಬಿದ್ದದ್ದೇ ಹಳದಿ ಬಟ್ಟೆ ತೆಗೆದು ಒರೆಸತೊಡಗಿದರು. ಬಿಳಿ ಷರಟು, ಬಿಳಿ ಪ್ಯಾಂಟು, ಹೆಗಲ ಮೇಲೆ ಇನ್ನೊಂದು ಬಟ್ಟೆ.

ಗಂಡಿನ ಕಡೆಯ ಹಿರಿಯರೊಬ್ಬರು ಊರುಗೋಲು ಊರುತ್ತ ಬಂದರು. ಹುಡುಗನ ದೊಡ್ಡತಾತ, ಆದಿನಾರಾಯಣಪ್ಪ ಎಂದು ಹೆಸರು. ಕಿವಿ ಸ್ವಲ್ಪ ಮಂದ. ಕಾರಿನ ಮುಂದೆ ನಿಂತು ತಲೆದೂಗಿದರು.

"ಆಹಾ! ಎಂಬತ್ತು ವರ್ಷ ಆಯ್ತು ನನಗೆ. ಇಂಥ ಹೊಳಪು ನೋಡಿಲ್ಲ ಕಣಪ್ಪ. ಎಷ್ಟು ವರ್ಷದಿಂದ ಡ್ರೈವರ್ ಕೆಲಸ ಮಾಡ್ತಿದ್ದೀಯ?"

ಬೈಲಪ್ಪನವರು, ನಾನು ಡ್ರೈವರಲ್ಲ, ಹೆಣ್ಣಿನ ಸೋದರಮಾವ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಹಿರಿಯರು, "ಈ ಬಾಗಿಲು ನೋಡು, ಸುಣ್ಣದ ಗೋಡೆ ಅಲ್ಲ, ಬೆಳ್ಳಿ ತಟ್ಟೆ!" ಎಂದರು. ಸರಿ, ಈ ವಾಕ್ಯ ಮುಗಿಯಲಿ, ಆಮೇಲೆ ಹೇಳೋಣ ಎಂದು ಬೈಲಪ್ಪನವರು ಸುಮ್ಮನಾದರು. ಹಿರಿಯರು ಬಾನೆಟ್ಟಿಗೆ ಬಂದರು. ಅದನ್ನೂ ಕೇಳಿಬಿಡೋಣ ಎನಿಸಿತು. ಡಿಕ್ಕಿಗೆ ಬಂದಾಗಲಂತೂ ನಡುವೆ ಬಾಯಿ ಹಾಕುವುದು ಪಾಪವೇ ಎನಿಸಿತು.

"ಸ್ವಂತ ಕಾರಿನೋರು ಯಾರೂ ಹಿಂಗೆ ಇಟ್ಕೊಳ್ಳಲ್ಲ. ಬಾಡಿಗೆ ಓಡಿಸೋನಿಗೇ ಗಾಡಿ ಮೇಲೆ ಭಕ್ತಿ" ಎಂದ ಹಿರಿಯರು ನಂಬರ್ ಪ್ಲೇಟ್ ನೋಡಿ, ದನಿ ತಗ್ಗಿಸಿ, "ಬಿಳಿ ಬೋರ್ಡಲ್ಲೇ ಬಾಡಿಗೆ ಓಡಿಸ್ತೀಯ? ಇರ್ಲಿ ಬಿಡು, ನಾನು ಯಾರಿಗೂ ಹೇಳಲ್ಲ. ಬರೋ ತಿಂಗಳು ಮರಿಮಗನ ನಾಮಕರಣ. ನಿನ್ ಫೋನ್ ನಂಬರ್ ಕೊಡು" ಎಂದರು.

ಬೈಲಪ್ಪನವರು ಕೊಟ್ಟುಬಿಟ್ಟರು! ಯಾಕೆ ಕೊಟ್ಟೆ ಎಂದು ಅವರಿಗೇ ಕೊನೆಯವರೆಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಛತ್ರದ ಮೈಕು ಗುಡುಗಿತು. "ಹೆಣ್ಣಿನ ಸೋದರಮಾವ ಎಲ್ಲಿದ್ದರೂ ಕೂಡಲೇ ಮಂಟಪಕ್ಕೆ ಬರಬೇಕು. ಮುಹೂರ್ತ ಮೀರ್ತಾ ಇದೆ!"

ಈ ಗುಡುಗು ಮಾತ್ರ ಆದಿನಾರಾಯಣಪ್ಪನವರಿಗೂ ಕೇಳಿಸಿತು. "ನೋಡ್ದೇನಪ್ಪಾ? ಹೆಣ್ಣನ್ನ ಕರ್ಕೊಂಡು ಬರ್ಬೇಕಾದ ಹೊತ್ತಲ್ಲಿ ಮಾವನೇ ನಾಪತ್ತೆ. ಎಲ್ಲೋ ಹರಟೆ ಹೊಡೀತಾ ನಿಂತಿರ್ಬೇಕು, ಬೇಜವಾಬ್ದಾರಿ ಮನುಷ್ಯ!"

"ರೀ!" ಎಂದು ಅನುಸೂಯಮ್ಮ ಓಡಿ ಬಂದು ಗಂಡನ ರಟ್ಟೆ ಹಿಡಿದರು. "ಅಲ್ಲಿ ಕೂಗಿ ಕೂಗಿ ಗಂಟಲು ಹರ್ಕೋತಾವ್ರೆ, ಇಲ್ಲಿ ಕಾರು ಒರೆಸ್ತಾ ನಿಂತಿದ್ದೀರಲ್ಲ!" ಎಂದು ಎಳೆದುಕೊಂಡೇ ಹೋದರು.

ಬೈಲಪ್ಪನವರು ಏದುಸಿರು ಬಿಡುತ್ತ ಅರ್ಪಿತಳ ಕೈ ಹಿಡಿದು ಮಂಟಪ ಹತ್ತಿಸಿದರು. ಹೆಗಲ ಮೇಲಿನ ಹಳದಿ ಬಟ್ಟೆ ಹಾಗೇ ಇತ್ತು. ಓಲಗ ಒಂದು ಗಳಿಗೆ ನಿಂತಾಗ ಮುಂದಿನ ಸಾಲಿನಿಂದ ಆದಿನಾರಾಯಣಪ್ಪನವರ ದನಿ ಕೇಳಿಸಿತು. ಕಿವಿ ಮಂದ ಇರುವವರ ಪಿಸುಮಾತು ಇಡೀ ಛತ್ರಕ್ಕೆ ಕೇಳಿಸುತ್ತದೆ.

"ಪಾಪ, ಸೋದರಮಾವ ಕೊನೇವರ್ಗೂ ಬರ್ಲಿಲ್ಲ ಕಣಪ್ಪ. ಡ್ರೈವರ್‌ನೇ ಕರ್ಕೊಂಬಂದು ನಿಲ್ಲಿಸವ್ರೆ."

ಛತ್ರವೆಲ್ಲ ಗೊಳ್ಳೆಂದಿತು. ಭೀಮರಾಜ ನಕ್ಕದ್ದು ಎಲ್ಲರಿಗಿಂತ ಜೋರಾಗಿತ್ತು. ಅರ್ಪಿತ ಬಾಸಿಂಗದ ಹಿಂದೆ ನಗು ತಡೆಯಲಾರದೆ ಮಾವನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಬೈಲಪ್ಪನವರ ಮುಖ ಕೆಂಪೇರಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುವಷ್ಟರಲ್ಲಿ ಹಿರಿಯರು ಮುಂದುವರಿಸಿದರು.

"ಆದ್ರೆ ಗಾಡಿ ಇಟ್ಟವ್ನೆ ನೋಡು, ಕನ್ನಡಿ!"

ಬೈಲಪ್ಪನವರು ಬೆನ್ನು ನೆಟ್ಟಗೆ ಮಾಡಿ, ಹೆಗಲ ಮೇಲಿನ ಬಟ್ಟೆಯನ್ನು ಶಾಲಿನಂತೆ ಸರಿಪಡಿಸಿಕೊಂಡು ನಿಂತರು.