ಊದಿದ ಕೆನ್ನೆಯ ಕ್ಲಾಸು

ರೂಟ್ ಕೆನಾಲ್ ಮಾಡಿಸಿಕೊಂಡ ಮರುದಿನ ಬೆಳಿಗ್ಗೆ ಒಂದನೇ ತರಗತಿಯ ಟೀಚರ್ ಕನ್ನಡಿ ನೋಡಿಕೊಂಡರೆ, ಎಡಗೆನ್ನೆಯೊಳಗೆ ಯಾರೋ ನಿಂಬೆಹಣ್ಣು ಬಚ್ಚಿಟ್ಟಂತಿತ್ತು. “ಎರಡು ಮೂರು ದಿನ ಊತ ಇರುತ್ತೆ, ಹೆದರ್ಬೇಡಿ. ಹೊರಗಿನಿಂದ ತಣ್ಣಗಿನ ಬಟ್ಟೆ ಇಡಿ, ಊಟ ಆದ್ಮೇಲೆ ಮಾತ್ರೆ ತಗೊಳ್ಳಿ. ಮಾತು ಕಡಿಮೆ ಮಾಡಿ,” ಎಂದಿದ್ದರು ಹಲ್ಲಿನ ಡಾಕ್ಟರು. ನಲವತ್ತು ಮಕ್ಕಳ ಟೀಚರಿಗೆ!

ಎರಡು ದಿನ ರಜೆ ಬೇಕೆಂದು ಚೀಟಿ ಬರೆದು ಹೆಡ್‌ಮೇಡಂ ಮುಂದೆ ಹಿಡಿದಳು.

“ಧಾರಾಳವಾಗಿ ತಗೋಮ್ಮ. ನಿನ್ನ ಕ್ಲಾಸನ್ನ ಯಾರು ನೋಡ್ಕೋತಾರೆ ಹೇಳು?”

ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಒಮ್ಮೆಲೇ ಪುಸ್ತಕದೊಳಗೆ ತಲೆ ಹುದುಗಿಸಿದರು. ಆ ಕ್ಲಾಸಿನ ಗಲಾಟೆ ರಸ್ತೆಯಾಚೆಗೂ ಕೇಳುತ್ತಿತ್ತು.

ರಜೆ ಸಿಗದಿದ್ದರೂ ಸಲಹೆಗೆ ಬರವಿರಲಿಲ್ಲ. ಡ್ರಾಯಿಂಗ್ ಮಾಸ್ತರು ಲವಂಗ ಕಚ್ಚಿ ಎಂದರು. ಹೊಲಿಗೆ ಟೀಚರ್, “ತಣ್ಣಗಿನ ಬಟ್ಟೇನಾ? ಶೀತ ಒಳಗಿಳಿಯುತ್ತೆ ಕಣೇ!” ಎನ್ನುತ್ತ ಇಸ್ತ್ರಿಪೆಟ್ಟಿಗೆಗೆ ಒತ್ತಿ ಕಾಯಿಸಿದ ಬಟ್ಟೆಯನ್ನು ಕೆನ್ನೆಗೆ ಇಟ್ಟೇಬಿಟ್ಟಳು. ಬೇಡ ಅನ್ನಲು ಬಾಯಿ ಬಿಟ್ಟರೆ ತಾನೆ? ಗಂಟೆ ಹೊಡೆಯುವಷ್ಟರಲ್ಲಿ ನಿಂಬೆಹಣ್ಣು ಕಿತ್ತಳೆಯಾಗಿತ್ತು.

ಕ್ಲಾಸಿಗೆ ಕಾಲಿಟ್ಟದ್ದೇ ಮಕ್ಕಳು ಬಾಯಿ ತೆರೆದುಕೊಂಡು ನೋಡಿದರು.

“ಟೀಚರ್, ಬಾಯಲ್ಲಿ ಏನಿದೆ?”

ಅವಳು ಕೆನ್ನೆ ಮುಟ್ಟಿ, ತುಟಿಯ ಮೇಲೆ ಬೆರಳಿಟ್ಟಳು.

“ಗಲಾಟೆ ಮಾಡಿದ್ರೆ ಅದು ಒಡೆದುಹೋಗುತ್ತಂತೆ ಕಣ್ರೋ!” ಹಿಂದಿನ ಬೆಂಚಿನ ಕಿಲಾಡಿ ತೀರ್ಪು ಕೊಟ್ಟ.

ಆಮೇಲೆ ಪಿಸುಮಾತೂ ಇಲ್ಲ. ಅವಳು ಬೋರ್ಡಿನ ಮೇಲೆ ಬರೆದಳು, ಅವರು ಬರೆದುಕೊಂಡರು. ಒಂದು ಪುಟ್ಟ ಹುಡುಗಿ ಎದ್ದು ಬಂದು ತನ್ನ ತಣ್ಣೀರಿನ ಬಾಟಲಿಯನ್ನು ಮೆಲ್ಲಗೆ ಟೀಚರ ಕೆನ್ನೆಗೆ ಆನಿಸಿ ಹಿಡಿದಳು. ಅದನ್ನು ಕಂಡು ಉಳಿದವರೂ ಬಾಟಲಿ ಹಿಡಿದು ಸಾಲು ನಿಂತರು. ಇಷ್ಟು ದಿನ ಈ ಕೋಣೆಯ ಗದ್ದಲದಲ್ಲಿ ಅರ್ಧ ತನ್ನದೇ ದನಿಯಿತ್ತೇನೋ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಕಣ್ಣು ಒದ್ದೆಯಾದದ್ದು ಹಲ್ಲುನೋವಿಗಲ್ಲ.

ಇಂಥ ಕ್ಲಾಸನ್ನು ಯಾರು ಬೇಡವೆಂದಾರು? ನಾಳೆ ರಜೆ ಗ್ಯಾರಂಟಿ!

ಸಂಜೆ ಹೆಡ್‌ಮೇಡಂ ಬಾಗಿಲಲ್ಲಿ ಬೆರಗಾಗಿ ನಿಂತರು. ಅವಳು ರಜೆ ಚೀಟಿಯನ್ನು ಮತ್ತೆ ಮುಂದೆ ಚಾಚಿದಳು. ಹೆಡ್‌ಮೇಡಂ ಅದನ್ನು ಕೈಗೆ ತಗೊಂಡು ಮಕ್ಕಳತ್ತ ತಿರುಗಿದರು.

“ಮಕ್ಕಳೇ, ನಾಳೆ ಬೇರೆ ಟೀಚರ್ ಬಂದ್ರೂ ಹೀಗೇ ಇರ್ತೀರಾ?”

“ಅವರ ಕೆನ್ನೇನೂ ಊದಿದ್ಯಾ ಮೇಡಂ?”

ಹೆಡ್‌ಮೇಡಂ ಚೀಟಿಯನ್ನು ನಾಲ್ಕಾಗಿ ಮಡಚಿ ವಾಪಸು ಕೊಟ್ಟರು.

“ಕೇಳಿದ್ಯಾ? ನೀನೇ ಬರ್ಬೇಕಮ್ಮ. ನಾಳೆ ಎರಡನೇ ಕ್ಲಾಸಿನ ಮಕ್ಕಳನ್ನೂ ಇಲ್ಲೇ ಕೂರಿಸ್ತೀನಿ.” ಹೊರಟವರು ಅಕ್ಕರೆಯಿಂದ ತಿರುಗಿ ನೋಡಿದರು. “ಮನೆಗೆ ಹೋಗಿ ಐಸು ಗೀಸು ಇಟ್ಕೊಂಡೀಯಾ, ಹುಷಾರು! ಊತ ಇಳಿದುಬಿಟ್ಟೀತು.”