ಅಳಿಯಂದಿರ ಹಸಿರು ಚೌಕ

ನಮ್ಮ ಅಳಿಯಂದಿರಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಒಂದು ಟಿಕೆಟ್ ತೆರೆದು, ‘ತಲೆ ಪರೀಕ್ಷೆ ಮಾಡಿಸುವುದು’ ಎಂದು ನನ್ನ ಹೆಸರಿಗೇ ಹಾಕಿಬಿಡುತ್ತಾರೆ!

ಬಸ್ಸಿನ ಟಿಕೆಟ್ ಅಲ್ಲ, ಇದು ಬೇರೆ. ಅಳಿಯಂದಿರು ತುಮಕೂರಿನ ಹೊರಗೆ ಯಂತ್ರ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಯಂತ್ರದ ಯಾವ ಭಾಗ ಯಾವುದನ್ನು ನೆಚ್ಚಿಕೊಂಡಿದೆ ಎಂದು ಕಂಪ್ಯೂಟರಿನಲ್ಲಿ ಚೌಕ ಬರೆದು ಗೆರೆ ಎಳೆಯುವುದು ಅವರ ಕೆಲಸ. ಏನು ಕೆಟ್ಟಿದೆ, ಯಾರು ಸರಿಮಾಡಬೇಕು ಎಂಬ ದೂರುಗಳು ಇನ್ನೊಂದು ಕಡೆ ಇರುತ್ತವಂತೆ. ದೂರಿಗೊಂದು ಟಿಕೆಟ್. ಆ ಚಿತ್ರಕ್ಕೂ ಈ ದೂರಿಗೂ ಅಳಿಯಂದಿರು ಗಂಟು ಹಾಕುತ್ತಾರೆ. ದೂರು ತೆರೆದಿರುವ ತನಕ ಆ ಚೌಕ ಕೆಂಪು, ಅದನ್ನು ನೆಚ್ಚಿಕೊಂಡ ಚೌಕಗಳೂ ಕೆಂಪು. ‘ಆಯಿತು’ ಎಂದು ಒತ್ತಿದರೆ ಎಲ್ಲ ಹಸಿರು. ನಿಟ್ಟೂರಿನಲ್ಲಿ ಸ್ಕೂಟರಿನ ಬಿಡಿಭಾಗ ಮಾರುತ್ತಿದ್ದ ಎಸ್ಸೆಸ್ಸೆಲ್ಸಿಯ ನನಗೆ ಇಷ್ಟು ಅರ್ಥವಾಯಿತು. ಕಾರ್ಖಾನೆಯಲ್ಲಿ ಮಾಡಿಕೊಳ್ಳಲಿ, ಯಾರು ಬೇಡ ಎಂದರು? ಮನೆಗೂ ತರಬೇಕೆ?

ತಂದರು! ನನ್ನ ಹೆಂಡತಿಗೆ ಉಬ್ಬಸ ಜಾಸ್ತಿಯಾಗಿ, ಆಸ್ಪತ್ರೆ ಹತ್ತಿರವಿರಲಿ ಎಂದು ನಾವಿಬ್ಬರೂ ತುಮಕೂರಿನ ಸದಾಶಿವನಗರದ ಮಗಳ ಮನೆಗೆ ಬಂದು ಸೇರಿದ್ದೆವು. ಬಂದ ವಾರದಲ್ಲೇ ಅಳಿಯಂದಿರು ಇಡೀ ಮನೆಯ ಚಿತ್ರ ಬರೆದು ಎಲ್ಲರ ಫೋನಿಗೂ ಹಾಕಿದರು. ಸಂಪು, ಮೋಟರು, ಗೀಸರು, ಮಿಕ್ಸಿ, ಏನುಂಟು ಏನಿಲ್ಲ! ಎಲ್ಲಕ್ಕಿಂತ ಮೇಲೆ ಒಂದು ದೊಡ್ಡ ಚೌಕ: ‘ಅತ್ತೆಯ ಉಸಿರು’. ಅದರ ಕೆಳಗೆ ಔಷಧಿಯ ಹಬೆ ಕೊಡುವ ಯಂತ್ರ, ಅದರ ಕೆಳಗೆ ಕರೆಂಟು, ಕರೆಂಟು ಹೋದರೆ ಯುಪಿಎಸ್, ಯುಪಿಎಸ್ಸಿಗೆ ಬ್ಯಾಟರಿ. ಪಕ್ಕದಲ್ಲಿ ಚುಕ್ಕೆ ಗೆರೆಯಲ್ಲಿ ಎದುರು ಮನೆ!

“ಏನ್ ಅಳಿಯಂದ್ರೇ, ಎದುರು ಮನೆ ಮೇಷ್ಟ್ರೂ ನಿಮ್ ಮಿಷನ್ನಿನ ಪಾರ್ಟಾ?”

“ಅವ್ರ ಹತ್ರ ಕಾರಿದೆ ಮಾವ.”

“ಪಾಪ, ಅವ್ರಿಗೆ ಗೊತ್ತಾ?”

“ಅವ್ರನ್ನ ಕೇಳೇ ಬರ್ದಿದೀನಿ.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಇನ್ನು ಆ ಸೈರನ್ನು! ಯಾವುದಾದರೂ ಚೌಕ ಕೆಂಪಾದರೆ ಅಳಿಯಂದಿರ ಫೋನು ಬೊಬ್ಬೆ ಹೊಡೆಯುತ್ತದೆ. ಸಮಾರಂಭಗಳಲ್ಲಿ ಕರೆಗಳನ್ನೆಲ್ಲ ಸೈಲೆಂಟ್ ಮಾಡುವ ಸಭ್ಯರು ಇದೊಂದನ್ನು ಮಾತ್ರ ಬಿಟ್ಟುಕೊಂಡಿರುತ್ತಾರೆ. ಗುಬ್ಬಿಯಲ್ಲಿ ನೆಂಟರ ಮಗುವಿನ ನಾಮಕರಣ. ಅಜ್ಜಿ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕು, ಅಷ್ಟರಲ್ಲಿ ಸೈರನ್! ಮಗು ಕಿಟಾರನೆ ಕಿರುಚಿತು. “ಎಲ್ ಬೆಂಕಿ ಬಿತ್ರಲಾ?” ಎಂದು ಗಂಡಸರು ಎದ್ದು ನಿಂತರು. ಅಳಿಯಂದಿರು ಫೋನು ನೋಡಿ, “ಏನಿಲ್ಲ ಕೂತ್ಕೊಳಿ, ನಮ್ಮನೆ ಮಿಕ್ಸಿ ಸದ್ದು ಮಾಡ್ತಿದೆಯಂತೆ” ಎಂದರು.

ನಗು ಸಾಕು. ಈಗ ನನ್ನ ಕಥೆಗೆ ಬರುತ್ತೇನೆ.

‘ಬ್ಯಾಟರಿಗೆ ನೀರು ಹಾಕುವುದು’ ಎಂಬ ಟಿಕೆಟ್ ತಿಂಗಳಿಗೊಮ್ಮೆ ನನ್ನ ಹೆಸರಿಗೆ ಬರುತ್ತಿತ್ತು. ಬ್ಯಾಟರಿ ಇದ್ದದ್ದು ಮೆಟ್ಟಿಲಿನ ಕೆಳಗೆ, ನೆಲದ ಮೇಲೆ. ಕುಕ್ಕರಗಾಲಲ್ಲಿ ಕೂರಬೇಕು. ನನ್ನ ಮಂಡಿಗಳು ಮಡಚುವುದನ್ನು ಮರೆತು ಎಷ್ಟೋ ಕಾಲವಾಯಿತು. ಹೇಳಬಹುದಿತ್ತು. ಆದರೆ ಬಂದು ಸೇರಿಕೊಂಡ ಮನೆಯಲ್ಲಿ, ಅದೂ ಅಳಿಯಂದಿರ ಎದುರು, ‘ಕೈಲಾಗುವುದಿಲ್ಲ’ ಎನ್ನುವುದು ಹೇಗೆ? ‘ಆಯಿತು’ ಎಂದು ಒತ್ತಿದೆ. ಎಲ್ಲ ಹಸಿರು. ಮುಂದಿನ ತಿಂಗಳೂ ಒತ್ತಿದೆ. ಅದರ ಮುಂದಿನ ತಿಂಗಳೂ.

“ರೀ, ನೀರು ಹಾಕಿದ್ರಾ?” ಎಂದು ಹೆಂಡತಿ ಕೇಳಿದರೆ, “ಹಸಿರಾಗಿದೆ ನೋಡೇ” ಎನ್ನುತ್ತಿದ್ದೆ. ಅವಳು ನೋಡಿ ಸಮಾಧಾನ ಪಟ್ಟುಕೊಳ್ಳುತ್ತಿದ್ದಳು. ಆ ಸಮಾಧಾನ ಈಗ ನನ್ನನ್ನು ಚುಚ್ಚುತ್ತದೆ.

ಒಂದು ಮಧ್ಯಾಹ್ನ ಮಗಳು, ಅಳಿಯಂದಿರು ಕುಣಿಗಲ್ ಕಡೆಯ ಕೊತ್ತಗೆರೆಗೆ ಗೃಹಪ್ರವೇಶಕ್ಕೆ ಹೋಗಿದ್ದರು. ಇಲ್ಲಿ ಗುಡುಗು, ಗಾಳಿ. ಹೆಂಡತಿ ಉಬ್ಬಸದಲ್ಲಿ ಹಬೆ ತೆಗೆದುಕೊಳ್ಳುತ್ತಿದ್ದಳು. ಕರೆಂಟು ಹೋಯಿತು. ಯುಪಿಎಸ್ ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ಯಂತ್ರವೂ ನಿಂತಿತು. ಅವಳ ಎದೆಯ ಸುಯ್ಲು ಮಾತ್ರ ನಿಲ್ಲಲಿಲ್ಲ.

ಮಗಳಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅಳಿಯಂದಿರೂ ಎತ್ತಲಿಲ್ಲ. ಹೆಂಡತಿ ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದಿದ್ದಳು. ನನ್ನ ಫೋನಿನಲ್ಲಿ ‘ಅತ್ತೆಯ ಉಸಿರು’ ಅಚ್ಚ ಹಸಿರು!

ಆಗ ಸೈರನ್ ನೆನಪಾಯಿತು. ಅದು ಕೂಗಬೇಕಾದರೆ ನಾನು ಮುಚ್ಚಿದ ಟಿಕೆಟ್ ನಾನೇ ತೆರೆಯಬೇಕು. ಒತ್ತಿದೆ. ‘ಕಾರಣ?’ ಎಂದು ಕೇಳಿತು. ಬೆರಳು ನಿಂತುಬಿಟ್ಟಿತು. ‘ಬ್ಯಾಟರಿ ಇದ್ದಕ್ಕಿದ್ದಂತೆ ಕೆಟ್ಟಿತು’ ಎನ್ನಲೇ? ಅಂಥ ಹೊತ್ತಿನಲ್ಲೂ ಮನಸ್ಸು ಮಾನ ಉಳಿಸಿಕೊಳ್ಳಲು ನೋಡುತ್ತದಲ್ಲ! ಅವಳು ನನ್ನ ಕಡೆ ನೋಡಿದಳು. ಬರೆದೆ: ‘ನೀರು ಹಾಕಿರಲಿಲ್ಲ. ಸುಳ್ಳು ಒತ್ತಿದ್ದೆ. ಇವಳಿಗೆ ಉಸಿರು ಕಟ್ಟುತ್ತಿದೆ.’

ಬ್ಯಾಟರಿ ಕೆಂಪಾಯಿತು. ಯುಪಿಎಸ್, ಯಂತ್ರ, ಕೊನೆಗೆ ಆ ದೊಡ್ಡ ಚೌಕ. ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಫೋನು ಬಂತು. ಹಿಂದೆ ವಾಲಗದ ಸದ್ದು.

“ಮಾವ, ಅತ್ತೆ ಕೂತ್ಕೊಂಡೇ ಇರ್ಲಿ, ಮಲಗಿಸ್ಬೇಡಿ. ಮೇಷ್ಟ್ರಿಗೆ ಹೇಳಿದೀನಿ. ಬಾಗ್ಲು ತೆಗೀರಿ.”

ತೆಗೆದರೆ ಮೇಷ್ಟ್ರು ಕಾರಿನ ಕೀಲಿ ಹಿಡಿದು ನಿಂತಿದ್ದಾರೆ! ಆ ಬಾಗಿಲು ತಟ್ಟುವುದು ನನಗೇಕೆ ಹೊಳೆಯಲಿಲ್ಲ? ಚುಕ್ಕೆ ಗೆರೆ ನೋಡಿ ನಕ್ಕವನಿಗೆ ಹೇಗೆ ಹೊಳೆಯಬೇಕು!

ಮಗಳು, ಅಳಿಯಂದಿರು ಆಸ್ಪತ್ರೆಗೆ ಓಡಿ ಬಂದಾಗ ಹೆಂಡತಿಯ ಮುಖಕ್ಕೆ ಕಳೆ ಬಂದಿತ್ತು. ಮಾಸ್ಕ್ ಸರಿಸಿ, “ಊಟ ಮಾಡ್ಕೊಂಡ್ ಬಂದ್ರಾ?” ಎಂದು ಕೇಳಿದಳು. ಅಳಿಯಂದಿರು ತಲೆಯಾಡಿಸಿ, ಮೂಲೆಯಲ್ಲಿ ಕೂತು ಫೋನಿನಲ್ಲಿ ಏನೋ ಬರೆಯತೊಡಗಿದರು. ಮೂಲ ಕಾರಣ ಬರೆಯದೆ ಇಂಥ ಟಿಕೆಟ್ ಮುಚ್ಚುವಂತಿಲ್ಲ, ಅದು ಅವರ ನಿಯಮ. ಬರೆಯಲಿ, ನನ್ನ ಸುಳ್ಳು ಎಲ್ಲರಿಗೂ ತಿಳಿಯಲಿ ಎಂದು ತಲೆ ತಗ್ಗಿಸಿದೆ. ನನ್ನ ಫೋನು ಅದುರಿತು.

‘ಮೂಲ ಕಾರಣ: ಚಿತ್ರ ಬರೆದವನ ತಪ್ಪು. ಮಾವನ ಮಂಡಿ ಬಗ್ಗುವುದಿಲ್ಲ. ಎದುರು ಮನೆಯವರನ್ನು ಕೇಳಿದೆ, ಮಾವನನ್ನು ಕೇಳಲಿಲ್ಲ.’

“ನಿಮಗ್ಯಾರು ಹೇಳಿದ್ದು?” ಎಂದೆ.

“ಟಿವಿ ರಿಮೋಟು ಬಿದ್ರೆ ಬಗ್ಗಿ ಎತ್ತದೆ ಮಂಚದ ತನಕ ಕಾಲಲ್ಲೇ ತಳ್ಕೊಂಡ್ ಬರ್ತೀರಲ್ಲ ಮಾವ. ನೋಡಿ ನಗ್ತಿದ್ದೆ. ಯೋಚ್ನೆ ಮಾಡ್ಲಿಲ್ಲ.”

ಹೊಸ ಬ್ಯಾಟರಿ ಈಗ ಎತ್ತರದ ಸ್ಟ್ಯಾಂಡಿನ ಮೇಲಿದೆ. ನಿಂತೇ ನೀರು ಹಾಕುತ್ತೇನೆ. ಚಿತ್ರದಲ್ಲಿ ಒಂದು ಹೊಸ ಚೌಕ ಸೇರಿದೆ: ‘ಮಾವನ ಮಂಡಿ’. ನಿನ್ನೆ ಅದರ ಟಿಕೆಟ್ ಬಂತು: ‘ಹೇಗಿದೆ?’ ಬೆರಳು ಅಭ್ಯಾಸಬಲದಿಂದ ‘ಆಯಿತು’ ಕಡೆಗೇ ಹೋಯಿತು. ತಡೆದು, ‘ನೋವಿದೆ’ ಎಂದು ಬರೆದೆ. ಕಾರ್ಖಾನೆಯಲ್ಲಿ ಯಾವ ಮೀಟಿಂಗಿನಲ್ಲಿ ಸೈರನ್ ಕೂಗಿತೋ!

ಸಂಜೆ ಅಳಿಯಂದಿರು ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತರು. ನಾನು ಗಾಬರಿಯಾಗಿ ಕಾಲು ಎಳೆದುಕೊಂಡೆ. ಅಳಿಯಂದಿರ ಕೈಲಿ ಕಾಲು ಮುಟ್ಟಿಸಿಕೊಳ್ಳುವುದೇ?

“ಟಿಕೆಟ್ ನನ್ನ ಹೆಸರಲ್ಲಿದೆ,” ಎಂದರು. “ಕಾಲು ಚಾಚಿ ಮಾವ.”